ಅಂಗಳದ ಅಗ್ಗಿಷ್ಟಿಕೆ ಮತ್ತು ಅನರ್ಥದಂಡ

ಅಮೆರಿಕದ ಮನೆಗಳ ಹಿತ್ತಿಲಿನಲ್ಲಿ ಅಗ್ಗಿಷ್ಟಿಕೆ ಕಟ್ಟಿಸುವುದು ಇಂದು ಸಾಮಾನ್ಯ ವೈಭವ. ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟು ಬಿಲ್ಲೆಗಳು, ಒಳಗೋಡೆಗೆ ಬೆಂಕಿ ತಾಳುವ ಇಟ್ಟಿಗೆ, ಮೇಲೆ ಹೊಗೆಗೂಡು ಇವೆಲ್ಲ ಸಿದ್ಧ ಕಿಟ್ ರೂಪದಲ್ಲಿಯೇ ದೊರೆಯುತ್ತವೆ. ನೆಲವನ್ನಗೆದು ತಳಪಾಯ ಹಾಕಿ, ಒಂದರ ಮೇಲೊಂದು ಜೋಡಿಸಿದರೆ ಕೆಲಸ ಮುಗಿಯಿತು. ಅಲ್ಲಿ ನೆಲೆಸಿರುವ ನಮ್ಮ ಶ್ರಾವಕ ಕುಟುಂಬಗಳೂ ಇದಕ್ಕೆ ಮನಸೋಲುವುದಾದರೆ ನಾವು ಮೌನವಾಗಿರುವುದು ತಕ್ಕುದಲ್ಲ.

ಗೃಹಸ್ಥನು ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಲಾರನೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಆದುದರಿಂದಲೇ ಅವರು ಪ್ರಯೋಜನವಿಲ್ಲದ ಹಿಂಸೆಯನ್ನು ಬೇರ್ಪಡಿಸಿ, ಅದರ ತ್ಯಾಗವನ್ನು ಗುಣವ್ರತವಾಗಿ ವಿಧಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ನೆಲವಗೆಯುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು ಇವು ನಿಷ್ಫಲವಾಗಿ ನಡೆದರೆ ಪ್ರಮಾದಚರ್ಯೆಯೆನಿಸುತ್ತವೆ. ಹಿತ್ತಿಲ ಅಗ್ಗಿಷ್ಟಿಕೆಯಲ್ಲಿ ಈ ಮೂರೂ ಒಟ್ಟಿಗೆ ಸೇರಿವೆ.

ವರ್ತಕರ ರೀತಿಯಲ್ಲಿ ಜಮಾ ಖರ್ಚು ಬರೆದು ನೋಡೋಣ. ಖರ್ಚಿನ ಕಡೆ ಮೊದಲು ಸಿಮೆಂಟು: ಅದರ ಮೂಲವಸ್ತುವಾದ ಕ್ಲಿಂಕರ್ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಬೇಯಬೇಕು. ಅನಂತರ ಸೌದೆ: ಒಣಗಿದ ಕೊರಡಿನೊಳಗೂ ಇರುವೆ, ಹುಳು, ದುಂಬಿಗಳು ವಾಸವಾಗಿರುತ್ತವೆ, ಏಕೇಂದ್ರಿಯ ಜೀವಗಳ ಮಾತಂತಿರಲಿ, ತ್ರಸಜೀವಗಳೇ ಜೀವಂತವಾಗಿ ದಹಿಸುತ್ತವೆ. ಎಮರಾಲ್ಡ್ ಆಶ್ ಬೋರರ್ ಎಂಬ ಮರಕೊರಕ ದುಂಬಿ 2002ರಲ್ಲಿ ಮಿಷಿಗನ್ ರಾಜ್ಯದಲ್ಲಿ ಪತ್ತೆಯಾಯಿತು. ಊರಿಂದೂರಿಗೆ ಸಾಗಿದ ಸೌದೆಯೊಡನೆ ಹರಡಿ ಕೋಟ್ಯಂತರ ಆಶ್ ಮರಗಳನ್ನು ನಾಶಮಾಡಿತು. ಇನ್ನು ಹೊಗೆ: ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ವಾಯು ನಿಯಂತ್ರಣ ಮಂಡಳಿಯು ಗಾಳಿ ಕೆಟ್ಟ ಚಳಿಗಾಲದ ದಿನಗಳಲ್ಲಿ ಸೌದೆ ಉರಿಸುವುದನ್ನು 2008ರಲ್ಲಿಯೇ ನಿಷೇಧಿಸಿತು, 2019ರಲ್ಲಿ ಆ ನಿಯಮವನ್ನು ವರ್ಷವಿಡೀ ಅನ್ವಯಿಸಿತು. ಲೌಕಿಕ ಸರ್ಕಾರಕ್ಕಿರುವ ಈ ವಿವೇಕ ಅಹಿಂಸೆಯನ್ನು ಪರಮಧರ್ಮವೆನ್ನುವ ನಮಗೆ ಬೇಡವೇ?

ಜಮೆಯ ಕಡೆ ಏನಿದೆ? ಶಾಖದ ಬಹುಭಾಗ ಹೊಗೆಗೂಡಿನಿಂದ ಆಕಾಶಕ್ಕೆ ಹೋಗುತ್ತದೆ. ಚಳಿಯೆಂದರೆ ಮನೆಯೊಳಗೆ ಬೆಚ್ಚಗಿನ ಕೋಣೆಯಿದೆ. ಉಳಿಯುವುದು ನೋಟದ ಸುಖ ಮತ್ತು ಅತಿಥಿಗಳ ಮೆಚ್ಚುಗೆ ಮಾತ್ರ.

“ಅಡುಗೆಗೂ ಬೆಂಕಿ ಬೇಕು, ಬಸದಿಯಲ್ಲಿಯೂ ದೀಪವುಂಟು” ಎಂದು ಕೆಲವರು ವಾದಿಸುವರು. ಅಡುಗೆ ಆರಂಭೀ ಹಿಂಸೆ. ದೇಹಧಾರಣೆಗೆ ಅನಿವಾರ್ಯ, ಅಲ್ಲಿಯೂ ಯತ್ನಾಚಾರ ವಿಹಿತ. ದೀಪಾರಾಧನೆಯ ವಿಷಯದಲ್ಲಿ ನಮ್ಮೊಳಗೇ ಮತಭೇದವುಂಟು. ಅಷ್ಟು ಸೂಕ್ಷ್ಮವಾಗಿ ವಿಚಾರಿಸಿದ ಸಮಾಜ ವಿನೋದದ ಬೆಂಕಿಯನ್ನು ವಿಚಾರಿಸದೆ ಒಪ್ಪಬಹುದೇ? “ಸೌದೆ ಬೇಡ, ಅನಿಲದ ಒಲೆ ಹಾಕೋಣ” ಎಂಬುದೂ ಪೂರ್ಣ ಉತ್ತರವಲ್ಲ. ಹುಳು ಸುಡುವುದು ತಪ್ಪೀತು. ಅಗ್ನಿಕಾಯಿಕ ಜೀವಗಳ ಹಿಂಸೆ ತಪ್ಪದು, ಜ್ವಾಲೆಗೆ ಬೀಳುವ ಇರುಳಿನ ಪತಂಗಗಳೂ ಉಳಿಯವು.

ಇನ್ನೊಂದು ಅಪಾಯವನ್ನು ತಾಯಂದಿರು ಗಮನಿಸಬೇಕು. ಅಲ್ಲಿ ಮಕ್ಕಳು ಕಡ್ಡಿಗೆ ಚುಚ್ಚಿ ಬೆಂಕಿಯಲ್ಲಿ ಕಾಯಿಸಿ ತಿನ್ನುವ ಮಾರ್ಷ್‌ಮ್ಯಾಲೋ ಎಂಬ ಸಿಹಿಯಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ಪದಾರ್ಥ. ಹೀಗೆ ಒಂದು ಅಗ್ಗಿಷ್ಟಿಕೆಯ ಸುತ್ತ ಅನರ್ಥದಂಡ, ರಾತ್ರಿಭೋಜನ, ಅಭಕ್ಷ್ಯಭಕ್ಷಣ ಮೂರೂ ಒಂದೇ ಸಂಜೆಯಲ್ಲಿ ನೆರೆಯುತ್ತವೆ.

ದೂರದ ದೇಶದ ಮಾತೆಂದು ಇಲ್ಲಿಯವರು ನಿಶ್ಚಿಂತರಾಗಬೇಡಿ. ಕೊಡಗು, ಚಿಕ್ಕಮಗಳೂರುಗಳ ಹೋಂಸ್ಟೇಗಳಲ್ಲಿ ಕ್ಯಾಂಪ್ ಫೈರ್ ಎಂಬುದು ಆತಿಥ್ಯದ ಅಂಗವಾಗಿದೆ. ಬಸದಿಗಳ ಟ್ರಸ್ಟುಗಳು ತಮ್ಮ ಯಾತ್ರಿನಿವಾಸ ಮತ್ತು ಯುವಶಿಬಿರಗಳಲ್ಲಿ ಇದಕ್ಕೆ ಅವಕಾಶವಿಲ್ಲವೆಂದು ಲಿಖಿತವಾಗಿ ನಿರ್ಣಯಿಸಲಿ. ಕಟ್ಟಡ ಸಾಮಗ್ರಿ ಮಾರುವ ನಮ್ಮ ವರ್ತಕ ಬಂಧುಗಳಿಗೂ ಒಂದು ಮಾತು: ಬೆಂಕಿಯನ್ನೂ ಅದರ ಸಾಧನಗಳನ್ನೂ ಪರರಿಗೊದಗಿಸುವುದು ಹಿಂಸಾದಾನ, ಕಟ್ಟಿಸಿರೆಂದು ಪ್ರೇರೇಪಿಸುವುದು ಪಾಪೋಪದೇಶ. ಆ ಲಾಭವನ್ನು ಬಿಟ್ಟರೆ ಅಂಗಡಿ ಮುಚ್ಚದು. ಬಿಡದಿದ್ದರೆ ವ್ರತ ಮಾತ್ರ ಕೆಡುವುದು.