ಟೇಶನ್ ಕೆಡವುವ ಮೊದಲು

ಬೀದರಿನ ಅಣ್ಣಂದಿರೇ, ಭಾಲ್ಕಿಯ ಅಕ್ಕಂದಿರೇ, ಔರಾದಿನ ಹಿರಿಯರೇ, ಕೈಮುಗಿದು ಕೇಳುತ್ತೇನೆ: ನಮ್ಮ ಹಳೇ ಟೇಶನ್‌ಗಳನ್ನು ಕಣ್ಣೆತ್ತಿ ಒಮ್ಮೆ ನೋಡಿರಿ.

ವಿಕಾರಾಬಾದಿನಿಂದ ಜಹೀರಾಬಾದ್, ಬೀದರ, ಭಾಲ್ಕಿ, ಕಮಲನಗರ, ಉದಗೀರ ಹಾದು ಪರಳಿ ವೈಜನಾಥ ಮುಟ್ಟುವ ಈ ಹಳಿ ಹಾಕಿದ್ದು ನಿಜಾಮರ ರೈಲ್ವೆ. ಆಗ ಜಹೀರಾಬಾದೂ ಉದಗೀರವೂ ಬೀದರ ಜಿಲ್ಲೆಯವೇ. 1956ರಲ್ಲಿ ಜಿಲ್ಲೆ ಮೂರು ಪಾಲಾಗಿ, ಒಂದು ತುಂಡು ಆಂಧ್ರಕ್ಕೆ, ಒಂದು ಅಂದಿನ ಮುಂಬಯಿ ರಾಜ್ಯಕ್ಕೆ ಹೋಯಿತು. ಬೀಗರು ಬೇರೆ ಬೇರೆ ರಾಜ್ಯದವರಾದರು. ಹಳಿ ಮಾತ್ರ ಪಾಲಾಗಲಿಲ್ಲ. ಮದುವೆಗೂ ಮಣ್ಣಿಗೂ ನಮ್ಮವರು ಇದೇ ಗಾಡಿ ಹತ್ತಿ ಒಬ್ಬರ ಮನೆಗೊಬ್ಬರು ಹೋಗುತ್ತ ಬಂದರು. ಒಡೆದ ಜಿಲ್ಲೆಯನ್ನು ಹೊಲಿದಿಟ್ಟ ದಾರವಿದು.

ಕಮಲನಗರದಲ್ಲಿ ಹುಟ್ಟಿದ ಡಾ. ಚನ್ನಬಸವ ಪಟ್ಟದ್ದೇವರು ಭಾಲ್ಕಿ ಹಿರೇಮಠದ ಸ್ವಾಮಿಗಳಾದರು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಅವರು ಹುಟ್ಟಿದ ಊರು, ಅವರ ಮಠದ ಊರು, ಎರಡೂ ಈ ಹಳಿಯ ಮೇಲೇ ಇವೆ. ಮಠದ ಕಥೆ ನಮ್ಮ ಮಕ್ಕಳಿಗೆ ಗೊತ್ತು. ಟೇಶನ್ನಿನ ಕಥೆ ಯಾರು ಹೇಳಿದ್ದಾರೆ?

ಹಳೆಯದು ಉಳಿಯಲಿ ಎಂದರೆ ಹೊಸದು ಬೇಡವೆಂದಲ್ಲ. ಔರಾದ ಪಟ್ಟಣಕ್ಕೆ ಇಂದಿಗೂ ಹಳಿ ಬಂದಿಲ್ಲ. ಬೀದರ-ನಾಂದೇಡ ಮಾರ್ಗಕ್ಕಾಗಿ ಕಾದವರ ತಲೆ ಹಣ್ಣಾಯಿತು. ಆ ಹಳಿ ಬರಲೇಬೇಕು, ನಾನೂ ನಿಮ್ಮ ಜೊತೆ ಕೂಗುತ್ತೇನೆ. 2017ರಲ್ಲಿ ಬೀದರ-ಕಲಬುರಗಿ ಗಾಡಿ ಓಡಿದಾಗ ನಾವೆಲ್ಲ ಹಿಗ್ಗಲಿಲ್ಲವೇ? ನಮ್ಮ ಟೇಶನ್‌ಗಳಿಗೂ ಲಿಫ್ಟು ಬರಲಿ, ಮುದುಕರಿಗೆ ಮೆಟ್ಟಿಲ ಕಷ್ಟ ತಪ್ಪಲಿ. ಆದರೆ ಹೊಸದು ಕಟ್ಟಲು ಹಳೆಯ ಗೋಡೆಗೆ ಹಾರೆ ಹಾಕಲೇಬೇಕೆಂದು ಯಾವ ಶಾಸ್ತ್ರ ಹೇಳಿದೆ? ಬಹಮನಿಯರ ಕೋಟೆಗೆ ಕಾವಲು ಬೇಕೆನ್ನುವ ನಾವು, ಹಮಾಲರೂ ಕೂಲಿಯವರೂ ಗಂಟು ಇಳಿಸಿ ಬೆನ್ನು ನೀಡಿದ ಗೋಡೆಯನ್ನು ಹಳೇ ಮಣ್ಣೆಂದು ಬಿಟ್ಟುಕೊಡುವುದೇ?

ಕಾಲೇಜಿನ ಹುಡುಗರೇ, ಟೇಪು ಹಿಡಿದು ಹೋಗಿರಿ. ಬಾಗಿಲು, ಕಮಾನು, ಟಿಕೇಟಿನ ಕಿಂಡಿ ಅಳೆದು ಬರೆದಿಡಿರಿ. ನಿವೃತ್ತ ಗ್ಯಾಂಗ್‌ಮನ್ನರ ಮನೆ ಹುಡುಕಿ, ಪಕ್ಕದಲ್ಲಿ ಕುಳಿತು, ಅವರ ಮಾತು ಮೊಬೈಲಿನಲ್ಲಿ ಹಿಡಿದಿಡಿರಿ. ಗ್ರಾಮ ಪಂಚಾಯ್ತಿ, ಪುರಸಭೆಗಳು ಒಂದೊಂದು ಠರಾವು ಮಾಡಿ ದಕ್ಷಿಣ ಮಧ್ಯ ರೈಲ್ವೆಗೆ ಕಳಿಸಲಿ: ನಮ್ಮ ಊರಿನ ಹಳೇ ಕಟ್ಟಡ ಮುಟ್ಟುವ ಮೊದಲು ನಮ್ಮನ್ನು ಕರೆದು ಕೇಳಿರಿ ಎಂದು. ಈ ವಾರವೇ ಕಳಿಸಲಿ.