ಗೇಟಿನಾಚೆ ನಿಂತವರು

ಪ್ರಾರ್ಥನೆಯ ಗಂಟೆ ಹೊಡೆಯಿತೆಂದರೆ ಗೇಟಿಗೆ ಬೀಗ. ನಮ್ಮ ಎಷ್ಟೋ ಹೈಸ್ಕೂಲುಗಳಲ್ಲಿ ಈ ನಿಯಮವನ್ನು ಯಾರು ಬರೆದರೋ ಯಾರಿಗೂ ತಿಳಿಯದು, ಆದರೆ ಎಲ್ಲರಿಗೂ ಬಾಯಿಪಾಠ. ಒಳಗೆ ಸಾಲಾಗಿ ನಿಂತ ಮಕ್ಕಳು ನಾಡಗೀತೆ ಮುಗಿಸಿ ಸಂವಿಧಾನದ ಪೀಠಿಕೆ ಓದಲು ಬಲಗೈ ಮುಂದೆ ಚಾಚುವ ಹೊತ್ತಿಗೆ, ಹೊರಗೆ ಆರೇಳು ಮಕ್ಕಳು ಏದುಸಿರು ಬಿಡುತ್ತ, ಬೆವರಿದ ಹಣೆಯನ್ನು ಯೂನಿಫಾರಂ ತೋಳಿಗೆ ಒರೆಸಿಕೊಳ್ಳುತ್ತ ಕಾಂಪೌಂಡಿಗೆ ಒತ್ತಿಕೊಂಡು ನಿಂತಿರುತ್ತಾರೆ. ಪೀಠಿಕೆಯ ಓದು ನಮ್ಮ ಶಾಲೆಗಳ ದಿನಚರಿಗೆ ಬಂದದ್ದು 2023ರಲ್ಲಿ. ಬಂದಾಗ ನಾನು ಮನಸಾರೆ ಸಂತೋಷಪಟ್ಟವನು. ನ್ಯಾಯ, ಸಮಾನತೆ, ಭ್ರಾತೃತ್ವ ಎಂಬ ಮಾತುಗಳನ್ನು ಹೊರಗೆ ನಿಂತ ಮಕ್ಕಳೂ ಹೇಳುತ್ತಾರೆ, ಸರಳುಗಳ ಆಚೆಯಿಂದ, ತುಟಿಯಲ್ಲೇ.

ನಿಮಗೆ ಇದು ಗೊತ್ತು. ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ನೀವು ಅವರನ್ನು ನೋಡಿದ್ದೀರಿ. ನಿಮ್ಮ ಮಗಳನ್ನು ಬೈಕಿನಲ್ಲಿ ಸರಿಯಾದ ಹೊತ್ತಿಗೆ ಬಿಟ್ಟು ಹಿಂದಿರುಗುವಾಗ ಅವರ ಪಕ್ಕದಿಂದಲೇ ಹಾದುಹೋಗಿದ್ದೀರಿ. ನೀವು ಎಸ್‌ಡಿಎಂಸಿ ಸದಸ್ಯರಾಗಿದ್ದರೆ ಶಾಲೆಯ ಶಿಸ್ತನ್ನು ಸಭೆಯಲ್ಲಿ ಹೊಗಳಿದ್ದೀರಿ; ಮೇಷ್ಟ್ರಾಗಿದ್ದರೆ ಸ್ಟಾಫ್ ರೂಮಿನ ಕಿಟಕಿಯಿಂದ ಕಂಡು ಹಾಜರಿ ಪುಸ್ತಕದತ್ತ ತಿರುಗಿದ್ದೀರಿ. ನಿಮ್ಮದು ಕಲ್ಲೆದೆಯಲ್ಲ, ಅದನ್ನು ಬಲ್ಲೆ. ಬಿಸಿಯೂಟಕ್ಕೆ ತರಕಾರಿ ಸಾಲದಾದಾಗ ಸ್ವಂತ ಕಾಸು ಹಾಕಿದವರು ನೀವು, ಎಸ್ಎಸ್ಎಲ್‌ಸಿ ಪರೀಕ್ಷೆಯ ದಿನ ಬಸ್ಸು ತಪ್ಪಿದ ಹುಡುಗನನ್ನು ಗಾಡಿಯಲ್ಲಿ ಕೂರಿಸಿಕೊಂಡು ಕೇಂದ್ರಕ್ಕೆ ಓಡಿಸಿದವರು ನೀವು. ಹಾಗಿದ್ದೂ ದಿನದಿನದ ಈ ನೋಟಕ್ಕೆ ನಮ್ಮೆಲ್ಲರ ಕಣ್ಣು ಒಗ್ಗಿಹೋಗಿದೆ. ಯಾಕೆ ತಡವಾಯಿತು ಎಂದು ಯಾರೂ ಕೇಳುವುದಿಲ್ಲ.

ನಾನೂ ಕೇಳಲಿಲ್ಲ. ಇಪ್ಪತ್ತಾರು ವರ್ಷ ಗಣಿತ ಕಲಿಸಿದ ನನ್ನ ಜೇಬಿನಲ್ಲೂ ಒಂದು ಕಾಲಕ್ಕೆ ಆ ಬೀಗದ ಕೈ ಇತ್ತು.

ಯಾದಗಿರಿ ಕಡೆಯ ಹಳ್ಳಿಯೊಂದರಲ್ಲಿ ಇದ್ದೆ ಆಗ. ಸುಗ್ಗಿ ಮುಗಿದರೆ ಅಲ್ಲಿ ಓಣಿಗೆ ಓಣಿಯೇ ಗುಳೆ ಹೋಗುತ್ತದೆ. ಬೆಂಗಳೂರಿನಲ್ಲಿ ಏಳುವ ಮಹಡಿಗಳಿಗೆ ಜಲ್ಲಿ, ಸಿಮೆಂಟು ಹೊರುವವರು ಆ ಊರುಗಳ ಅಪ್ಪ ಅವ್ವಂದಿರು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಒಂದೇ ವಾರದಲ್ಲಿ ಮೂರು ದಿನ ತಡವಾಗಿ ಬಂದಳು. ಮೂರನೆಯ ದಿನ, ಎಲ್ಲರೆದುರು, ಮೇಷ್ಟ್ರುಗಳ ಬಾಯಿಗೆ ತಾನಾಗಿ ಬರುವ ಆ ಮಾತನ್ನು ನಾನೂ ಆಡಿದೆ: "ನಾಳಿ ನಿಮ್ಮಪ್ಪನ್ನ ಕರಕೊಂಡು ಬಾ. ಇಲ್ಲಾಂದ್ರ ಒಳಗ ಬರಬ್ಯಾಡ." ಅವಳು ತಲೆ ಎತ್ತದೆ "ಹೂನ್ರೀ ಸರ್" ಎಂದಳು. ಮರುದಿನ ಬರಲಿಲ್ಲ. ಹೆದರಿದ್ದಾಳೆ, ಎರಡು ದಿನ ಬಿಟ್ಟು ಬರುತ್ತಾಳೆ ಅಂದುಕೊಂಡೆ. ತಿಂಗಳ ಕೊನೆಗೆ ಅವಳ ಹೆಸರಿನ ಮುಂದೆ ಗೈರುಹಾಜರಿಯ ಉದ್ದ ಸಾಲು ನೋಡಿ ಅವಳ ಗೆಳತಿಯನ್ನು ಕರೆದು ವಿಚಾರಿಸಿದೆ. "ಅಕಿ ಬೆಂಗಳೂರಿಗೆ ಹೋದ್ಳ್ರೀ ಸರ್," ಎಂದಳು ಆ ಮಗು, "ಅಪ್ಪನ್ನ ಕರಕೊಂಡು ಬರಾಕ."

ಅಪ್ಪನನ್ನು ಕರೆತರಲು ಹೋದವಳು ಅಲ್ಲೇ ಉಳಿದಳು. ಕಟ್ಟುತ್ತಿದ್ದ ಕಟ್ಟಡದ ಬುಡದ ತಗಡಿನ ಶೆಡ್ಡಿನಲ್ಲಿ ತಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅಪ್ಪ ಬರಬಹುದಿತ್ತೇ? ಒಂದು ದಿನದ ಕೂಲಿ, ಎರಡು ರಾತ್ರಿಯ ಬಸ್ಸು, ಮುಂಗಡ ಕೊಟ್ಟ ಮೇಸ್ತ್ರಿಯ ಅಪ್ಪಣೆ, ಇಷ್ಟೂ ಕೂಡಿಬಂದರೆ ಬರಬಹುದಿತ್ತು. ಅವಳು ತಡವಾಗುತ್ತಿದ್ದುದು ಕಣ್ಣು ಕಾಣದ ಅಜ್ಜಿಗೆ ರೊಟ್ಟಿ ತಟ್ಟಿಟ್ಟು ಬರುತ್ತಿದ್ದುದಕ್ಕೆ ಎಂಬುದು ನನಗೆ ಆಮೇಲೆ ತಿಳಿಯಿತು. ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು ಅವಳು. ಯಾಕೆ ತಡವಾಯಿತು ಎಂದು ನಾನು ಕೇಳಲಿಲ್ಲ.

ಗೇಟಿನಾಚೆ ನಿಂತವರೆಲ್ಲ ಸೋಮಾರಿಗಳೆಂದು ನೀವು ನಿಜಕ್ಕೂ ನಂಬುತ್ತೀರಾ? ಹಸುವಿನ ಹಾಲು ಕರೆದು ಡೈರಿಗೆ ಹಾಕಿ ಬಂದವನು ಅವರಲ್ಲಿದ್ದಾನೆ, ನಲ್ಲಿಯಲ್ಲಿ ನೀರು ಬಂದ ದಿನ ಹತ್ತು ಕೊಡ ತುಂಬಿಸಿಟ್ಟು ಬಂದವಳಿದ್ದಾಳೆ, ಕೊಡಗು ಚಿಕ್ಕಮಗಳೂರಿನ ತೋಟಗಳ ಲೈನ್ ಮನೆಯಿಂದ ಜಿಗಣೆ ಕಿತ್ತುಕೊಳ್ಳುತ್ತ ಮಳೆಯಲ್ಲಿ ನಡೆದು ಬಂದವರಿದ್ದಾರೆ, ತಂಗಿಯನ್ನು ಅಂಗನವಾಡಿಯ ಬಾಗಿಲು ತೆರೆಯುವವರೆಗೂ ಎತ್ತಿಕೊಂಡು ಕಾದವರಿದ್ದಾರೆ. ಮತ್ತೆ ಬಸ್ಸು. ಮೂರು ಹಳ್ಳಿಗೆ ಒಂದೇ ಬಸ್ಸು, ಅದೂ ಹಿಂದಿನ ಊರಲ್ಲೇ ತುಂಬಿದ್ದರೆ ಕೈ ಅಡ್ಡ ಹಿಡಿದ ಮಕ್ಕಳನ್ನು ದಾಟಿಯೇ ಹೋಗುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟಿನ ಚಿಂತೆ ತಪ್ಪಿತು, ಒಳ್ಳೆಯದೇ. ಆದರೆ ನಿಲ್ಲದ ಬಸ್ಸನ್ನು ಪುಕ್ಕಟೆಯಾಗಿಯೂ ಹತ್ತಲಾಗದು. ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿದ್ದು 2006-07ರಲ್ಲಿ. ಊರ ದಾರಿಯಲ್ಲಿ ಜಡೆ ಹಾರಿಸುತ್ತ ಹುಡುಗಿಯರು ಸಾಲಾಗಿ ಸೈಕಲ್ ತುಳಿಯುತ್ತಿದ್ದ ಆ ಬೆಳಗುಗಳಿಗಿಂತ ಚೆಂದದ್ದನ್ನು ನಾನು ಕಂಡಿಲ್ಲ. ಕೊರೊನಾ ಬಂತು, ಸೈಕಲ್ ನಿಂತಿತು. ಗೇಟಿನ ಬೀಗ ಮಾತ್ರ ನಿಲ್ಲಲಿಲ್ಲ.

ನಿಮಗೆ ಇದೂ ಗೊತ್ತು: ಹೊರಗೆ ನಿಂತ ಮಗುವಿನ ಮೊದಲ ಪಿರಿಯಡ್ ಹೋಗುತ್ತದೆ, ಮೊದಲ ಪಿರಿಯಡ್ಡಿಗೇ ಹಾಜರಿ ಕರೆಯುವುದರಿಂದ ಇಡೀ ದಿನ ಹೋಗುತ್ತದೆ. ಹತ್ತನೆಯ ತರಗತಿಯಲ್ಲಿ ಪರೀಕ್ಷೆಗೆ ಕೂರಲು ಶೇಕಡ 75ರ ಹಾಜರಿ ಬೇಕು. ಹಾಲು ಹಾಕಿ ಬಂದದ್ದಕ್ಕೆ, ನೀರು ಹೊತ್ತದ್ದಕ್ಕೆ, ಅಜ್ಜಿಗೆ ರೊಟ್ಟಿ ತಟ್ಟಿದ್ದಕ್ಕೆ ಒಂದೊಂದೇ ದಿನ ಕಳೆದು, ಕೊನೆಗೆ ಶಾಲೆಯೇ ತನಗಲ್ಲವೆಂದು ಆ ಮಗು ತಾನೇ ತೀರ್ಮಾನಿಸಿ ಹೋಗುತ್ತದೆ. ಗಲಾಟೆ ಮಾಡಿ ಹೋಗುವುದಿಲ್ಲ. ಗಲಾಟೆ ಮಾಡಿದ್ದರೆ ನಾವು ತಿರುಗಿಯಾದರೂ ನೋಡುತ್ತಿದ್ದೆವು.

ಗೇಟಿನ ಒಳಗಾದರೂ ಬೀಗಗಳು ಮುಗಿದವೆ? ಮಕ್ಕಳು ನೀರು ಕುಡಿಯಲೆಂದು 2019ರಲ್ಲಿ ನಮ್ಮ ಶಾಲೆಗಳಿಗೆ ವಾಟರ್ ಬೆಲ್ ಬಂತು. ಆ ಗಂಟೆ ಹೊಡೆದಾಗ ಹುಡುಗಿಯರ ಬೆಂಚುಗಳನ್ನು ಒಮ್ಮೆ ನೋಡಿ. ಬಾಟಲಿಯ ಮುಚ್ಚಳ ತೆಗೆದು, ತುಟಿ ಒದ್ದೆ ಮಾಡಿಕೊಂಡು ಮುಚ್ಚಿಡುವ ಕೈಗಳು ಎಷ್ಟೋ. ಶೌಚಾಲಯಕ್ಕೆ ಬೀಗ, ಬೀಗದ ಕೈ ಸ್ಟಾಫ್ ರೂಮಿನ ಮೊಳೆಯಲ್ಲಿ, ಅದನ್ನು ಕೇಳಬೇಕಾದರೆ ತುಂಬಿದ ತರಗತಿಯಲ್ಲಿ ಎದ್ದು ನಿಂತು ಮೇಷ್ಟ್ರ ಅಪ್ಪಣೆ ಬೇಡಬೇಕು, ಹಿಂದಿನ ಬೆಂಚಿನ ಕಿಸಕ್ಕನೆಯ ನಗು ಕೇಳಿಸಿಕೊಳ್ಳಬೇಕು. ತಿಂಗಳ ಆ ನಾಲ್ಕು ದಿನ ಅದಕ್ಕಿಂತ ಮನೆಯಲ್ಲಿರುವುದೇ ಮೇಲು ಎಂದು ಅವರು ಲೆಕ್ಕ ಹಾಕಿದರೆ ಗಣಿತದ ಮೇಷ್ಟ್ರಾಗಿ ಆ ಲೆಕ್ಕದಲ್ಲಿ ನಾನು ತಪ್ಪು ಹುಡುಕಲಾರೆ. ಬೀಗ ಹಾಕದಿದ್ದರೆ ಹೊಲಸು ಮಾಡುತ್ತಾರೆ ಎಂಬ ಮಾತನ್ನು ಬಲ್ಲೆ, ನಾನೇ ಆಡಿದ್ದೇನೆ. ತೊಳೆಯುವವರಿಲ್ಲ, ನೀರಿನ ಟ್ಯಾಂಕಿಗೆ ಮೋಟಾರಿಲ್ಲ, ಅದೂ ನಿಜ. ಆದರೆ ನಮ್ಮ ಇಲ್ಲಗಳ ಭಾರವನ್ನೆಲ್ಲ ಹದಿನಾಲ್ಕು ವರ್ಷದ ಮೈ ಹೊರಬೇಕೆ?

ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ಗಂಟೆ ಇಲ್ಲದ ಶಾಲೆ ಸಂತೆಯಾಗುತ್ತದೆ, ಕಂಡಿದ್ದೇನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕೊಡಕೂಡದೆನ್ನುತ್ತದೆ. ಆ ಕಾಯಿದೆ ಆರರಿಂದ ಹದಿನಾಲ್ಕರ ಮಕ್ಕಳದು. ಎಂಟನೇ ತರಗತಿ ದಾಟಿದರೆ ಅದರ ನೆರಳು ಮುಗಿಯುತ್ತದೆ. ಒಂಬತ್ತಕ್ಕೆ, ಹತ್ತಕ್ಕೆ ಕಾಲಿಟ್ಟ ಮಗುವಿಗೆ ಆಮೇಲೆ ನೆರಳಾಗಬೇಕಾದವರು ಯಾರು? ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳಬಲ್ಲ ನೀವು. ಡಿಪೋ ಮ್ಯಾನೇಜರಿಗೆ ಬಸ್ಸಿನ ಹೊತ್ತು ಇಪ್ಪತ್ತು ನಿಮಿಷ ಹಿಂದೆ ಮಾಡಿಕೊಡಿ ಎಂದು ಅರ್ಜಿ ಬರೆಯಬಲ್ಲ ನೀವು. ಅಪ್ಪನನ್ನು ಕರೆದು ತಾ ಎನ್ನುವ ಬದಲು ಅಜ್ಜಿಯ ಮನೆ ಬಾಗಿಲಿಗೆ ಸಂಜೆ ಹೋಗಿಬರಬಲ್ಲ ಮೇಷ್ಟ್ರೇ, ನೀವು. ಶೌಚಾಲಯದ ಬೀಗದ ಕೈಯನ್ನು ಹುಡುಗಿಯರ ಕೈಗೇ ಕೊಡಬಲ್ಲ ಮೇಡಂ, ನೀವು. ಇದಕ್ಕೆ ಯಾವ ಅನುದಾನವೂ ಬೇಡ, ಯಾವ ಸುತ್ತೋಲೆಗೂ ಕಾಯಬೇಕಿಲ್ಲ.

ನನ್ನ ಆ ಹುಡುಗಿಗೆ ಈಗ ಮೂವತ್ತು ದಾಟಿರಬೇಕು. ಬೆಂಗಳೂರಿಗೆ ಹೋದಾಗಲೆಲ್ಲ, ಎತ್ತರದ ಕಟ್ಟಡದ ಬುಡದಲ್ಲಿ ತಲೆಗೆ ಟವೆಲು ಸುತ್ತಿ ಬುಟ್ಟಿ ಹೊತ್ತ ಹೆಂಗಸರು ಕಂಡರೆ ಮುಖ ನೋಡುತ್ತೇನೆ. ಗುರುತು ಸಿಕ್ಕರೆ ಏನು ಹೇಳಲಿ ಎಂದು ಇನ್ನೂ ತಿಳಿದಿಲ್ಲ.

ನಾಳೆ ಬೆಳಿಗ್ಗೆ ನಿಮ್ಮೂರಿನಲ್ಲೂ ಗಂಟೆ ಹೊಡೆಯುತ್ತದೆ. ಚಹಾದ ಲೋಟ ಕೆಳಗಿಟ್ಟು ರಸ್ತೆ ದಾಟಿ ಹೋಗಿ. ಗೇಟಿನಾಚೆ ಕೊನೆಯಲ್ಲಿ ನಿಂತ ಮಗುವಿನ ಪಕ್ಕ ನಿಂತುಕೊಳ್ಳಿ. ಯಾಕೆ ತಡವಾಯ್ತು ಮಗಾ, ಎಂದು ಮೆಲ್ಲಗೆ ಕೇಳಿ. ಇದುವರೆಗೆ ಯಾರೂ ಕೇಳಿಲ್ಲವಾದ್ದರಿಂದ ಉತ್ತರ ಬರಲು ಕೊಂಚ ಹೊತ್ತು ಹಿಡಿದೀತು. ಕಾಯಿರಿ.