ಮದ್ಯವ್ಯಸನಿಯ ಮರೆವು ನಟನೆಯೇ?

"ನಾಳೆ ಬಾಡಿಗೆ ಕೊಡಬೇಕು" ಎಂದು ಹೆಂಡತಿ ಹೇಳುತ್ತಾಳೆ. ಬಹುಕಾಲ ಕುಡಿತಕ್ಕೆ ಬಲಿಯಾದ ಗಂಡ ಅದನ್ನು ತಪ್ಪಿಲ್ಲದೆ ಮರುನುಡಿಯುತ್ತಾನೆ. ಅಷ್ಟರಲ್ಲಿ ಕರೆಗಂಟೆ ಮೊಳಗುತ್ತದೆ. ವಾಚ್‌ಮನ್ನನೊಡನೆ ನಾಲ್ಕು ಮಾತು. ಒಳಗೆ ಬಂದವನಿಗೆ ಬಾಡಿಗೆಯ ಸುದ್ದಿಯೇ ತಿಳಿಯದು. "ಈಗ ತಾನೇ ನೀವೇ ಹೇಳಿದಿರಲ್ಲ, ಇದೇನು ನಾಟಕ!" ಎಂದು ಜಗಳ ಆರಂಭವಾಗುತ್ತದೆ.

ಇದು ನಾಟಕವಲ್ಲದಿರಬಹುದೆಂದು ಸಹೃದಯ ಓದುಗರ ಗಮನಕ್ಕೆ ತರಬಯಸುತ್ತೇನೆ. ರಷ್ಯದ ವೈದ್ಯ ಸೆರ್ಗೈ ಕೊರ್ಸಕೋವ್ 1887ರಿಂದ ಮೊದಲ್ಗೊಂಡು ವರ್ಣಿಸಿದ ವಿಸ್ಮೃತಿ ರೋಗ ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬಿ1 ಜೀವಸತ್ವವಾದ ಥಯಾಮಿನ್‌ನ ಕೊರತೆಯೇ ಇದಕ್ಕೆ ಕಾರಣ. ಕುಡುಕ ಊಟ ಬಿಡುತ್ತಾನೆ. ಉಂಡದ್ದರಲ್ಲಿನ ಸತ್ವವನ್ನು ಕರುಳು ಹೀರಿಕೊಳ್ಳಲು ಮದ್ಯವೇ ಅಡ್ಡಿ.

1959ರಲ್ಲಿ ಅಮೆರಿಕದ ಪೀಟರ್‌ಸನ್ ದಂಪತಿಗಳು ಒಂದು ಸರಳ ಪ್ರಯೋಗ ನಡೆಸಿದರು. ಮೂರು ವ್ಯಂಜನಗಳನ್ನು ಕೇಳಿಸಿ, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರನ್ನು ಕಳೆಯುತ್ತ ಹಿಂದಕ್ಕೆ ಎಣಿಸಹೇಳಿದರು. 18 ಸೆಕೆಂಡುಗಳಲ್ಲಿ ಆರೋಗ್ಯವಂತರೂ ಬಹುಪಾಲು ಮರೆತರು! 1971ರಲ್ಲಿ ಸರ್ಮಾಕ್, ಬಟರ್ಸ್, ಗುಡ್‌ಗ್ಲಾಸ್ ಎಂಬ ವಿದ್ವಾಂಸರು ಕೊರ್ಸಕೋವ್ ರೋಗಿಗಳಲ್ಲಿ ಇಂಥದೇ ಪರೀಕ್ಷೆ ನಡೆಸಿದಾಗ, ಕೇಳಿದೊಡನೆ ಸರಿಯಾಗಿ ಹೇಳಿದವರೇ ಎಣಿಕೆ ನಡುವೆ ಬಂದಾಗ ಇತರರಿಗಿಂತ ಬೇಗ ಮರೆತದ್ದು ಕಂಡುಬಂತು. ಆದರೆ ಬ್ಯಾಡ್‌ಲಿ, ವಾರಿಂಗ್‌ಟನ್ ಅವರು 1970ರಲ್ಲಿ ಪ್ರಕಟಿಸಿದ ಅಧ್ಯಯನದ ವಿಸ್ಮೃತಿ ರೋಗಿಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಸೆಕೆಂಡುಗಳ ಲೆಕ್ಕದಲ್ಲಿ ಪಂಡಿತರು ಜಗಳವಾಡಲಿ. ಗಮನ ಬೇರೆಡೆ ಹರಿದು ಕೆಲವು ನಿಮಿಷಗಳಾದರೆ ರೋಗಿಯಲ್ಲಿ ಹೆಚ್ಚೇನೂ ಉಳಿಯದೆಂಬುದರಲ್ಲಿ ಭಿನ್ನಮತವಿಲ್ಲ. ಖಾಲಿಯಾದ ಜಾಗವನ್ನು ಅವನ ಮನಸ್ಸು ಕಲ್ಪಿತ ಸಂಗತಿಗಳಿಂದ ತುಂಬುವುದೂ ಉಂಟು. ಅದನ್ನು ಸುಳ್ಳೆಂದು ಹಳಿಯುವುದು ಅನ್ಯಾಯ.

ಆದುದರಿಂದ ಕೇಳಿದ ಅಂಕಿಗಳನ್ನು ಆ ಕ್ಷಣವೇ ಒಪ್ಪಿಸಿದ ಮಾತ್ರಕ್ಕೆ ರೋಗಿಯ ನೆನಪು ನೆಟ್ಟಗಿದೆಯೆಂದು ಭಾವಿಸಲಾಗದು. ಹೊರನಾಡಿನಲ್ಲಿ ಇನ್ನೊಂದು ತೊಡಕಿದೆ: ವೈದ್ಯರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳುತ್ತಾರೆ, ರೋಗಿ ತಡವರಿಸಿದರೆ ದೋಷ ಭಾಷೆಯ ಪಾಲಾಗುತ್ತದೆ. ಮನೆಯವರೊಬ್ಬರು ಜೊತೆಗೆ ಹೋಗಿ, ಕರೆಗಂಟೆಯ ಪ್ರಸಂಗದಂಥವನ್ನು ನಾಚಿಕೆಪಡದೆ ವಿವರಿಸಬೇಕು. ಮನೆಯಲ್ಲಿ ಟಿವಿ ಆರಿಸಿ, ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಲೇಸು.

ಕುಡಿಯುವವನ ನಡಿಗೆ ತೂರಾಡಿ, ಕಣ್ಣುಗುಡ್ಡೆಗಳು ಅದುರಿ, ಬುದ್ಧಿ ಗಲಿಬಿಲಿಗೊಂಡರೆ ಅದನ್ನು ಬರಿಯ ಅಮಲೆಂದು ಮಲಗಿಸಿಬಿಡಬಾರದು. ಅದು ವರ್ನಿಕೆ ರೋಗವಾಗಿದ್ದಲ್ಲಿ, ಆಸ್ಪತ್ರೆಯಲ್ಲಿ ತಡಮಾಡದೆ ರಕ್ತನಾಳದ ಮೂಲಕ ಕೊಡುವ ಥಯಾಮಿನ್ ನೆನಪನ್ನು ಉಳಿಸಬಲ್ಲದು, ಗುಳಿಗೆ ಸಾಲದು.